ಇಂದು ನಗದು, ನಾಳೆ ಉದ್ರಿ

ಸಾಲದ ಬಗ್ಗೆ ಸರ್ವಜ್ಞ ಹೇಳಿದ್ದು ನಮ್ಮ ಕಮತಗಿಯಲ್ಲಿ ಬಾಯಿಪಾಠ ಬಾರದವರಿಲ್ಲ. ಅದನ್ನು ಎಲ್ಲರಿಗಿಂತ ರಾಗವಾಗಿ ಹೇಳುವವರು ಕುತ್ತಿಗೆತನಕ ಸಾಲ ಮಾಡಿಕೊಂಡವರೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯಂತೂ ನೇಕಾರರ ಓಣಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಟ್ಟೆ ನೇಯುವವರು ನಾವೇ ತಾನೆ? ಕಾಲು ಮಡಚುವ ಬದಲು ಹಾಸಿಗೆಯನ್ನೇ ಒಂದು ಮೊಳ ಉದ್ದ ನೇಯ್ದರಾಯಿತು ಎಂಬುದು ನಮ್ಮ ಓಣಿಯ ಅರ್ಥಶಾಸ್ತ್ರ. ಆ ಒಂದು ಮೊಳದ ನೂಲು ಯಾರದು, ಅದಕ್ಕೆ ದುಡ್ಡು ಕೊಟ್ಟವರು ಯಾರು ಎಂದು ಕೇಳುವ ಪದ್ಧತಿ ಇಲ್ಲ.

ಬಾಗಲಕೋಟೆಯಿಂದ ಹುನಗುಂದಕ್ಕೆ ಹೋಗುವಾಗ ಅಮೀನಗಡಕ್ಕಿಂತ ಮೊದಲು ಸಿಗುವ ಊರು ನಮ್ಮದು. ಒಂದು ಕಡೆ ಖಣಕ್ಕೆ ಹೆಸರಾದ ಗುಳೇದಗುಡ್ಡ, ಇನ್ನೊಂದು ಕಡೆ ಸೀರೆಗೆ ಹೆಸರಾದ ಇಳಕಲ್. ಹೆಸರು ಅವರಿಗೆ ಹೋಯಿತು, ಮಗ್ಗ ಮಾತ್ರ ನಮ್ಮಲ್ಲಿಯೂ ಉಳಿಯಿತು. ಇಳಕಲ್ ಸೀರೆ ಎಂದು ಹುಬ್ಬಳ್ಳಿಯ ಅಂಗಡಿಯಲ್ಲಿ ನೀವು ಕೊಂಡದ್ದರ ಹುಟ್ಟೂರು ಕಮತಗಿಯೋ ಸೂಳೇಭಾವಿಯೋ ಆಗಿರಬಹುದು. ನಮ್ಮ ಪಡಸಾಲೆಯಲ್ಲಿ ಕುಣಿಮಗ್ಗ. ಅಪ್ಪ ಅದರಲ್ಲಿ ಕಾಲಿಳಿಬಿಟ್ಟು ಕೂತರೆ ಸೊಂಟದಿಂದ ಮೇಲಿನ ಅಪ್ಪ ಮಾತ್ರ ನಮಗೆ ಕಾಣುತ್ತಿದ್ದ. ಅವ್ವ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಸಾಲ ವಸೂಲಿಗೆ ಬರುವವರಿಗೆ ಬಾಗಿಲು ಬಡಿಯುವ ಕೆಲಸವೇ ಇರಲಿಲ್ಲ. ಲಾಳಿಯ ಸಪ್ಪಳ ಓಣಿಯ ತುದಿಗೇ ಕೇಳುತ್ತಿತ್ತು. ಉಳಿದ ಉದ್ಯೋಗದವರು ಮಕ್ಕಳ ಕೈಲಿ "ಅಪ್ಪಾ ಮನ್ಯಾಗ ಇಲ್ರಿ" ಎಂದು ಹೇಳಿಸಬಹುದು. ನೇಕಾರನಿಗೆ ಆ ಸೌಕರ್ಯವಿಲ್ಲ. ಮಗ್ಗ ನಡೆದರೆ ಮನೆಯಲ್ಲಿದ್ದಾನೆ. ಬೈಕಿನ ಸದ್ದಿಗೆ ತಟ್ಟನೆ ನಿಂತರಂತೂ ಖಂಡಿತ ಇದ್ದಾನೆ.

ನಮ್ಮ ಮನೆಯ ಸಾಲಗಳಿಗೂ ಅಂತಸ್ತು ಇತ್ತು. ಎಲ್ಲಕ್ಕಿಂತ ಮೇಲೆ ಸಾವುಕಾರರ ಬಾಕಿ. ನೂಲು, ರೇಷ್ಮೆ ಕೊಟ್ಟು ಸೀರೆ ನೇಯಿಸಿಕೊಂಡು ಮಜೂರಿ ಕೊಡುವ ಸಾವುಕಾರರು ಹಬ್ಬಕ್ಕೋ ಹೆರಿಗೆಗೋ ಮುಂಗಡ ಕೊಡುತ್ತಾರೆ. ಅದು ಮಜೂರಿಯಲ್ಲಿ ಅಷ್ಟಷ್ಟು ವಜಾ ಆಗುತ್ತ, ಮತ್ತೆ ಅಷ್ಟಷ್ಟು ಬೆಳೆಯುತ್ತ ಇರುತ್ತದೆ. ಅಪ್ಪ ಅದನ್ನು ಎಂದೂ ಸಾಲ ಅನ್ನಲಿಲ್ಲ. "ನನ್ನ ಮ್ಯಾಲೆ ಅವರಿಗೆ ನಂಬಿಕಿ ಐತಿ" ಎಂದು ಮರ್ಯಾದೆಯ ಲೆಕ್ಕಕ್ಕೆ ಹಾಕಿಕೊಳ್ಳುತ್ತಿದ್ದ. ಬಾಕಿ ಇರುವತನಕ ಬೇರೆಯವರ ಸೀರೆ ನೇಯುವಂತಿಲ್ಲ, ಮಜೂರಿಯ ಮಾತು ಎತ್ತುವಂತಿಲ್ಲ ಎಂಬುದೂ ಆ ನಂಬಿಕೆಯೊಳಗೇ ಸೇರಿತ್ತು. ಅದರ ಕೆಳಗೆ ಸೋದರಮಾವನ ಕೈಗಡ; ಅದಕ್ಕೆ ಬಡ್ಡಿ ಇಲ್ಲ. ಅದರ ಕೆಳಗೆ ಮೂರರ ಬಡ್ಡಿಯ ಸಾಲ. ಅದಕ್ಕೆ ಬಡ್ಡಿ ಬಿಟ್ಟು ಬೇರೇನೂ ಇಲ್ಲ. ಆಮೇಲೆ ಅವ್ವ ಹೆಂಗಸರ ಗುಂಪಿನಲ್ಲಿ ಎತ್ತಿದ ವಾರದ ಕಂತಿನದು, ಒತ್ತಿ ಇಟ್ಟ ಬೋರಮಾಳದ್ದು, ಅಣ್ಣನ ಬೈಕಿನದು, ಕೊನೆಗೆ ಕಿರಾಣಿ ಅಂಗಡಿಯ ಉದ್ರಿ. ಆ ಅಂಗಡಿಯ ಗೋಡೆಯ ಮೇಲೆ "ಇಂದು ನಗದು, ನಾಳೆ ಉದ್ರಿ" ಎಂಬ ಬೋರ್ಡು ನಾನು ಹುಟ್ಟುವ ಮೊದಲಿನಿಂದ ಇದೆ. ಅದರ ಕೆಳಗೇ ಉದ್ರಿಯ ಪುಸ್ತಕವೂ ಇದೆ.

ಇದೆಲ್ಲ ಚಟದಿಂದ ಆದ ಸಾಲವಲ್ಲ. ಕುಡಿತ, ಇಸ್ಪೀಟು ನಮ್ಮ ಮನೆ ಹೊಕ್ಕಿರಲಿಲ್ಲ. ಅಕ್ಕನ ಮದುವೆಗೆ ಆದದ್ದು ಬುಡ. ಅದರ ಮೇಲೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹೊಳೆಸಾಲಿನ ಊರುಗಳ ಮಗ್ಗದ ಕುಣಿಗಳಿಗೆ ನೀರು ನುಗ್ಗಿತು. ಕುಣಿ ಒಣಗಿ, ಹಲಗೆ ಬದಲಿಸಿ, ಮಗ್ಗ ಮತ್ತೆ ಜೋಡಿಸಿ ಉಸಿರು ಬಿಡುವಷ್ಟರಲ್ಲಿ 2020ರ ಮಾರ್ಚಿನ ಲಾಕ್‌ಡೌನ್. ಮದುವೆಗಳೆಲ್ಲ ಮುಂದಕ್ಕೆ ಹೋದವು. ಮದುವೆ ಇಲ್ಲದ ಬೇಸಿಗೆಯಲ್ಲಿ ಇಳಕಲ್ ಸೀರೆಯನ್ನು ಯಾರು ಕೇಳುತ್ತಾರೆ? ಸಾವುಕಾರರ ಕಪಾಟಿನಲ್ಲಿ ಸೀರೆ ಬಿದ್ದವು, ನಮ್ಮ ಮನೆಯಲ್ಲಿ ಮಗ್ಗ ಬಿತ್ತು. ಹೊಟ್ಟೆಗೆ ಮಾಡಿದ ಸಾಲದ ಮುಂದೆ ನಿಂತು ಮಿತವ್ಯಯದ ಉಪದೇಶ ಮಾಡುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮನ್ನಾದ ಕಥೆಗಳೂ ನಮ್ಮಲ್ಲಿವೆ. ದೇವರಾಜ ಅರಸರ ಕಾಲದ 1976ರ ಋಣ ಪರಿಹಾರ ಕಾನೂನಿನಿಂದ ಒತ್ತಿ ಇಟ್ಟಿದ್ದ ತಾಮ್ರದ ಹಂಡೆ ಮನೆಗೆ ತಿರುಗಿ ಬಂದದ್ದನ್ನು ಅಮ್ಮ, ಅಂದರೆ ಅಪ್ಪನ ತಾಯಿ, ದೇವರ ಕಥೆಯ ಹಾಗೆ ಹೇಳುತ್ತಿದ್ದಳು. ಮುಂದಿನ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬಂದಾಗ ಅದೇ ಹಂಡೆ ಅದೇ ಮನೆಗೆ ಮತ್ತೆ ಒತ್ತಿ ಹೋಯಿತು ಎಂಬುದನ್ನು ಮಾತ್ರ ಸಣ್ಣ ದನಿಯಲ್ಲಿ ಹೇಳಿ ಮುಗಿಸುತ್ತಿದ್ದಳು. 2019ರಲ್ಲಿ ಯಡಿಯೂರಪ್ಪನವರು ನೇಕಾರರ ಸಾಲ ಮನ್ನಾ ಎಂದಾಗ ಓಣಿಯಲ್ಲಿ ಪೇಢೆ ಹಂಚಿದರು. ಅಪ್ಪನೂ ಬಾಯಿ ಸಿಹಿ ಮಾಡಿಕೊಂಡ. ಮನ್ನಾ ಆಗುವುದು ಕಾಗದದ ಮೇಲಿರುವ ಸಾಲ. ನಮ್ಮದರಲ್ಲಿ ಹೆಚ್ಚಿನದು ಬಾಯಿಮಾತಿನದು. ಮರುವರ್ಷ ಬಂದ ನೇಕಾರ ಸಮ್ಮಾನದ ಎರಡು ಸಾವಿರ ರೂಪಾಯಿ, 2022ರಲ್ಲಿ ಐದು ಸಾವಿರ ಆದದ್ದು, ವರ್ಷಕ್ಕೊಮ್ಮೆ ಬರುವ ನೆಂಟನಷ್ಟು ಸಂತೋಷ ಕೊಟ್ಟು ಹೋಗುತ್ತಿತ್ತು.

ಆ ಹೊತ್ತಿಗೆ ಮನೆಗೆ ಬಂದವಳು ವೈನಿ, ಅಂದರೆ ಅಣ್ಣನ ಹೆಂಡತಿ. ಗುಳೇದಗುಡ್ಡದ ಖಣ ನೇಯುವ ಮನೆಯವಳು, ಪಿಯುಸಿ ಓದಿದವಳು. ಬಂದ ಹೊಸದರಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಮಾವಾರ, ಎಲ್ಲಾ ಕೂಡಿ ಎಷ್ಟ ಆಗತೈತ್ರಿ?"

ಅಪ್ಪನಿಗೆ ಅದು ಗೊತ್ತಿರಲಿಲ್ಲ. ಅವ್ವನಿಗೆ ತನ್ನ ಗುಂಪಿನದು ಗೊತ್ತು, ಅಣ್ಣನಿಗೆ ಬೈಕಿನದು ಗೊತ್ತು, ನನಗೆ ನನ್ನ ಫೀಜಿಗೆ ತಂದದ್ದು ಗೊತ್ತು. ಕೂಡಿಸಿದವರು ಯಾರೂ ಇಲ್ಲ. ಸಣ್ಣ ಸಾಲ ಕೊಡುವ ಸಂಸ್ಥೆಗಳು ಒಂದು ಮನೆಯ ಎಲ್ಲ ಸಾಲದ ಕಂತುಗಳನ್ನೂ ಕೂಡಿಸಿ ನೋಡಬೇಕು, ಅವು ತಿಂಗಳ ಆದಾಯದ ಅರ್ಧ ಮೀರಬಾರದು ಎಂದು ರಿಸರ್ವ್ ಬ್ಯಾಂಕು 2022ರ ಏಪ್ರಿಲ್‌ನಿಂದ ನಿಯಮ ಮಾಡಿದೆ. ನಿಯಮ ಒಳ್ಳೆಯದೇ. ಆದರೆ ಮನೆಯ ಯಜಮಾನನಿಗೇ ಗೊತ್ತಿಲ್ಲದ ಮೊತ್ತವನ್ನು ಫಾರ್ಮು ತುಂಬಲು ಬಂದ ಹುಡುಗ ಹೇಗೆ ಬರೆದಾನು? ಅವನು ಆದಾಯದ ಕಾಲಮ್ಮಿನಲ್ಲಿ ತನಗೆ ಬೇಕಾದದ್ದನ್ನು ಬರೆದ, ನಾವು ತೋರಿಸಿದಲ್ಲಿ ಸಹಿ ಮಾಡಿದೆವು. ಆ ಅಂಕಿ ನೋಡಿ ಅಪ್ಪನಿಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು.

ನಮ್ಮ ಮನೆಯಲ್ಲಿ ಅಮಾವಾಸ್ಯೆಗೆ ಮಗ್ಗ ಹಿಡಿಯುವುದಿಲ್ಲ. ಅಂಥ ಒಂದು ಅಮಾವಾಸ್ಯೆಯ ರಾತ್ರಿ ಹೋಳಿಗೆ ಉಂಡ ಮೇಲೆ ವೈನಿ ನನ್ನ ಹಳೆಯ ನೋಟುಬುಕ್ಕಿನ ಖಾಲಿ ಹಾಳೆಗಳಲ್ಲಿ ಒಬ್ಬೊಬ್ಬರದೂ ಬರೆದುಕೊಂಡಳು. ಸಾಲದ ಮೊತ್ತಕ್ಕಿಂತ ಮೂರರ ಬಡ್ಡಿಯ ಲೆಕ್ಕ ಎಲ್ಲರ ಬಾಯಿ ಕಟ್ಟಿಸಿತು. ನೂರಕ್ಕೆ ತಿಂಗಳಿಗೆ ಮೂರು ಎಂದರೆ ಕಿವಿಗೆ ಏನೂ ಅನ್ನಿಸುವುದಿಲ್ಲ, ಚಹಾಕ್ಕೂ ಸಾಲದ ದುಡ್ಡು. ಲಕ್ಷಕ್ಕೆ ತಿಂಗಳಿಗೆ 3,000, ವರ್ಷಕ್ಕೆ 36,000, ಮೂರು ವರ್ಷಕ್ಕೆ ಒಂದು ಲಕ್ಷ ಎಂಟು ಸಾವಿರ ಎಂದು ಅವಳು ಓದಿದಾಗ ಅಪ್ಪ, "ಮತ್ತ ಅಸಲು?" ಎಂದ. "ಅದು ಹಂಗ ಐತ್ರಿ" ಎಂದಳು. ಅಪ್ಪ ಎದ್ದು ಹೊರಗೆ ಕಟ್ಟೆಗೆ ಹೋಗಿ ಕೂತ.

ಯಾವುದನ್ನು ಮೊದಲು ತೀರಿಸಬೇಕು ಎಂಬುದಕ್ಕೆ ಆಮೇಲೆ ನಡೆದದ್ದು ದೊಡ್ಡ ಜಗಳ. ಅಲ್ಲಿಯವರೆಗೆ ನಮ್ಮ ಮನೆಯ ನಿಯಮ ಸರಳವಾಗಿತ್ತು: ಯಾರು ಜೋರಾಗಿ ಕೂಗುತ್ತಾರೋ ಅವರದು ಮೊದಲು. ವಾರದ ಕಂತಿನವರು ಗುಂಪನ್ನೇ ಕೂಡಿಸಿ ಅಂಗಳದಲ್ಲಿ ಕೂರುತ್ತಿದ್ದರು. ಅವ್ವನ ಕಂತು ತಪ್ಪಿದರೆ ಉಳಿದ ಹೆಂಗಸರು ಕಟ್ಟಬೇಕು. ಹಾಗಾಗಿ ಅವಳ ವಾರಗೆಯವರೇ ಅವಳಿಗೆ ವಸೂಲಿದಾರರು. ಇಂಥ ಕಿರುಕುಳಕ್ಕೆ ಎಷ್ಟೋ ಮನೆಗಳಲ್ಲಿ ಜೀವಗಳು ಹೋದ ಮೇಲೆ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದಿತು. ನಮ್ಮ ಕಾಲಕ್ಕೆ ಅದು ಇರಲಿಲ್ಲ. ವೈನಿಯ ಲೆಕ್ಕ ಬೇರೆ: ಯಾವುದಕ್ಕೆ ಬಡ್ಡಿ ಹೆಚ್ಚೋ ಅದು ಮೊದಲು, ಅಂದರೆ ಮೂರರದು. ಬಡ್ಡಿಯೇ ಇಲ್ಲದ ಸೋದರಮಾವನ ಕೈಗಡ ಕಟ್ಟಕಡೆಗೆ.

ಅವ್ವ ಒಪ್ಪಲಿಲ್ಲ. "ಅದಕ್ಕ ಬಡ್ಡಿ ಇಲ್ಲಂತ ನಿನಗ ಯಾರ ಹೇಳ್ಯಾರ? ಪಂಚಮಿಗೆ ತವರಿಗೆ ಹೋದಾಗೊಮ್ಮೆ ನಾನು ಕಟ್ಟೀನಿ. ನಮ್ಮಣ್ಣನ ಹೇಣ್ತಿ ಅಳ್ಳಿಟ್ಟಿನ ಉಂಡಿ ಕೊಡೂಮುಂದ ನನ್ನ ಮಾರಿ ನೋಡತಾಳಲ್ಲ, ಅದ ಬಡ್ಡಿ."

ಲೆಕ್ಕ ಬಲ್ಲವರು ಇದಕ್ಕೆ ನಗುತ್ತಾರೆ. ವೈನಿ ನಗಲಿಲ್ಲ. ಪುಸ್ತಕದಲ್ಲಿ ಮಾವನ ಕೈಗಡವನ್ನು ಮೊದಲನೆಯ ಸಾಲಿಗೆ ತಂದಳು, ಏಕೆಂದರೆ ಮೊತ್ತವೂ ಸಣ್ಣದಿತ್ತು. ಅದನ್ನು ತೀರಿಸಿ ಬಂದ ಮೇಲೆ ಅವ್ವನ ಗತ್ತೇ ಬೇರೆಯಾಯಿತು. ಮೂರರ ಬಡ್ಡಿ ತೀರಿಸಲು ಬೇಕಾದ ಹಟ ಮನೆಗೆ ಬಂದದ್ದು ಅಲ್ಲಿಂದ. ಗೃಹಲಕ್ಷ್ಮಿಯ ಎರಡು ಸಾವಿರ ಬರತೊಡಗಿದಾಗ ಅದನ್ನೂ ಸಾಲಕ್ಕೆ ಸುರಿಯಬೇಕೆಂದು ಅಣ್ಣ ಹೇಳಿದ. "ಅದು ನನ್ನ ಹೆಸರಿನ ರೊಕ್ಕ" ಎಂದು ಅವ್ವ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ತಿಂಗಳು ತಿಂಗಳು ಅದನ್ನು ಒಯ್ದು ತಾನೇ ತನ್ನ ಬೋರಮಾಳ ಬಿಡಿಸಿಕೊಂಡು ಬಂದಳು.

ಉಳಿತಾಯಕ್ಕೆ ವೈನಿ ಹಿಡಿದದ್ದು ಪಿಗ್ಮಿ. ಸಂಜೆ ಸೈಕಲ್ಲಿನಲ್ಲಿ ಬರುವವನ ಕೈಗೆ ದಿನಾ ಒಂದಿಷ್ಟು. ಪಿಗ್ಮಿಗೂ ನಮ್ಮಂಥವರಿಗೂ ಹಳೆಯ ನಂಟಿದೆ ಎಂದು ನನಗೆ ಆಮೇಲೆ ತಿಳಿಯಿತು. ಕರಾವಳಿಯ ಕೈಮಗ್ಗದವರು ಕಂಗಾಲಾಗಿದ್ದಾಗ ಅವರ ನೆರವಿಗೆಂದು ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಕೂಡಿ 1925ರಲ್ಲಿ ಉಡುಪಿಯಲ್ಲಿ ಒಂದು ಸಂಸ್ಥೆ ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋದದ್ದು ಅದೇ. ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುವ ಪಿಗ್ಮಿಯನ್ನು 1928ರಲ್ಲಿ ಶುರುಮಾಡಿದವರೂ ಅವರೇ. ಅದರ ಗುಟ್ಟು ದುಡ್ಡಿನಲ್ಲಿ ಇಲ್ಲ, ಬಾಗಿಲಿಗೆ ಬರುವುದರಲ್ಲಿದೆ. ಸಾಲದವನು ಬಾಗಿಲಿಗೆ ಬರುತ್ತಾನೆ, ಬಟ್ಟೆ-ಪಾತ್ರೆ ಮಾರುವವನು ಬಾಗಿಲಿಗೆ ಬರುತ್ತಾನೆ. ಉಳಿತಾಯ ಮಾತ್ರ ನಾವಾಗಿ ಬ್ಯಾಂಕಿಗೆ ಹೋಗಿ ಸಾಲು ನಿಂತು ಮಾಡಬೇಕೆಂದರೆ ಯಾರು ಮಾಡುತ್ತಾರೆ?

ಕಂತು ಕಟ್ಟುವುದು ಸುಲಭ, ಕೈ ಕಟ್ಟುವುದು ಕಷ್ಟ. ಊಟ ಉಡುಗೆಯಲ್ಲಿ ನಾವೆಂದೂ ದುಂದು ಮಾಡಿದವರಲ್ಲ. ರೊಟ್ಟಿ, ಪಲ್ಯ, ಕೆಂಪು ಖಾರ ಇದ್ದರೆ ದಿನ ಕಳೆಯುತ್ತದೆ. ನಮ್ಮ ದುಡ್ಡೆಲ್ಲ ಹೋಗುತ್ತಿದ್ದದ್ದು ಹೊಸ್ತಿಲ ಆಚೆ, ಮಂದಿಯ ಕಣ್ಣಿಗೆ. ಬೀಗರ ಮನೆಗೆ ಬರಿಗೈಲಿ ಹೋಗುವಂತಿಲ್ಲ, ಅಮೀನಗಡದ ಕರದಂಟು ಬೇಕು. ಅದೂ ಒಂದು ಡಬ್ಬಿ ಅಲ್ಲ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೋಗಲೇಬೇಕು. ಅಲ್ಲಿ ನಮ್ಮೂರ ಹುಚ್ಚೇಶ್ವರ ನಾಟ್ಯ ಸಂಘದ ನಾಟಕ ಇದ್ದರೆ ಊರ ಅಭಿಮಾನಕ್ಕಾದರೂ ಮುಂದಿನ ಕುರ್ಚಿಯ ಟಿಕೆಟ್ಟೇ ತೆಗೆಯಬೇಕು. ಬಂದ ಹೆಣ್ಣುಮಗಳಿಗೆ ಉಡಿ ತುಂಬದೆ ಕಳಿಸುವಂತಿಲ್ಲ. ಒಮ್ಮೆ ಅವ್ವ ಯಾರಿಗೋ ಉಡಿಯಲ್ಲಿ ಹಾಕಿದ ಖಣ ಊರೆಲ್ಲ ತಿರುಗಿ ನಮ್ಮ ವೈನಿಯ ಉಡಿಗೇ ಬಂದು ಬಿತ್ತು. ಮೂಲೆಯಲ್ಲಿ ಅಂಗಡಿಯವನು ಪೆನ್ನಿನಲ್ಲಿ ಬರೆದ ರೇಟು ಹಾಗೇ ಇತ್ತು. ಎಷ್ಟು ಮನೆ ಹೊಕ್ಕು ಬಂತೋ, ಒಬ್ಬರೂ ಅದನ್ನು ಕುಪ್ಪಸ ಹೊಲಿಸಿರಲಿಲ್ಲ. ಅವ್ವ ನಾಚಿಕೊಳ್ಳಲಿಲ್ಲ. "ನೋಡು, ಕೊಟ್ಟದ್ದು ಎಲ್ಲೀ ಹೋಗೂದಿಲ್ಲ" ಎಂದಳು. ವೈನಿ ಆ ಖಣದಲ್ಲಿ ತಾನು ಕುಪ್ಪಸ ಹೊಲಿಸಿ ತೊಟ್ಟು, ಅದರ ತಿರುಗಾಟ ನಿಲ್ಲಿಸಿದಳು.

ಈ ಖರ್ಚುಗಳ ಮೇಲೆ ಅವಳು ಕೈಯಿಟ್ಟಾಗಲೇ ಅಪ್ಪ ಮಗ್ಗ ನಿಲ್ಲಿಸಿ ಕುಣಿಯಿಂದ ಎದ್ದು ನಿಂತದ್ದು. "ಯವ್ವಾ, ಎಲ್ಲಾರೂ ನಿನ್ನಂಗ ಲೆಕ್ಕ ಹಾಕಾಕ ಹತ್ತಿದ್ರ ನಾ ನೇಯ್ದ ಸೀರಿ ಯಾರ ತಗೋತಾರ? ಮಂದಿ ಮದುವ್ಯಾಗ ಹೆಚ್ಚಿಗಿ ಖರ್ಚ ಮಾಡತಾರಂತನ ನಮ್ಮ ಒಲಿ ಉರಿತೈತಿ."

ಮನೆಯಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಮಾತು ನಿಜವೇ. ಮದುವೆಯ ಜವಳಿ, ಆಯೇರಿ, ಸೀಮಂತದ ಸೀರೆ ಇವುಗಳಿಂದಲೇ ಕಮತಗಿ ಬದುಕುತ್ತದೆ. ಊರ ಮಂದಿಯ ಧಾರಾಳದಿಂದ ಬದುಕುವವನು ತಾನು ಜಿಪುಣನಾಗುವುದು ಎಂಥ ನ್ಯಾಯ? ನಾನು ಕಾಲೇಜಿನಲ್ಲಿ ಓದಿದ ಪುಸ್ತಕಗಳಲ್ಲಿಯೂ ಇದಕ್ಕಿಂತ ಗಟ್ಟಿಯಾದ ಪ್ರಶ್ನೆ ಕಂಡಿರಲಿಲ್ಲ. ಉತ್ತರ ಕೊಟ್ಟವಳು ವೈನಿಯೇ, ಅದೂ ರೊಟ್ಟಿ ಬಡಿಯುತ್ತ: "ತಗೊಳ್ಳಲಿ ಬಿಡ್ರಿ ಮಾವಾರ, ತಗೋಬ್ಯಾಡಂದಿಲ್ಲ. ಉದ್ರಿ ತಗೊಂಡವ್ರು ನಿಮಗ ಯಾವಾಗ ಮುಟ್ಟಿಸ್ಯಾರ?"

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಒಂದೊಂದು ಸೀರೆಗೂ ಎಳೆಗೆ ಎಳೆ ಕೊಂಡಿ ಹಾಕಿ ಅವೆರಡನ್ನು ಕೂಡಿಸಬೇಕು. ಕೊಂಡಿ ಕಣ್ಣಿಗೆ ಕಾಣುವುದಿಲ್ಲ, ಆದರೆ ಜಗ್ಗಿದರೆ ಎರಡೂ ಕಡೆ ಜಗ್ಗುತ್ತದೆ. ಉದ್ರಿಯೂ ಹಾಗೆಯೇ. ಮದುವೆ ಮನೆಯವರು ಜವಳಿ ಅಂಗಡಿಯಲ್ಲಿ ಅರ್ಧ ಕೊಟ್ಟು ಅರ್ಧ ಸುಗ್ಗಿಗೆ ಅನ್ನುತ್ತಾರೆ. ಅಂಗಡಿಯವನು ಸಾವುಕಾರರಿಗೆ ಮುಂದಿನ ತಿಂಗಳು ಅನ್ನುತ್ತಾನೆ. ಸಾವುಕಾರರು ಅಪ್ಪನಿಗೆ "ಬಂದ ಮ್ಯಾಲೆ ನೋಡೂಣು" ಅನ್ನುತ್ತಾರೆ. ಅಪ್ಪ ಕಿರಾಣಿಯವನ ಪುಸ್ತಕದಲ್ಲಿ ಬರೆಸುತ್ತಾನೆ, ಕಿರಾಣಿಯವನು ಜೋಳ ತಂದ ರೈತನಿಗೆ ನಾಳೆ ಬಾ ಅನ್ನುತ್ತಾನೆ. ಆ ರೈತನ ಮನೆಯಲ್ಲಿಯೇ ಮದುವೆ. ಊರೆಲ್ಲ ಧಾರಾಳವಾಗಿ ಖರ್ಚು ಮಾಡುತ್ತಿದೆ ಎಂದು ನಾವು ತಿಳಿದದ್ದು ಸುಳ್ಳು. ಒಬ್ಬರ ಮಜೂರಿಯನ್ನು ಇನ್ನೊಬ್ಬರು ಖರ್ಚು ಮಾಡುತ್ತಿದ್ದರು ಅಷ್ಟೆ. ಖರ್ಚು ಮಾಡುವುದು ಪಾಪವಲ್ಲ. ಕೊಡದೆ ಖರ್ಚು ಮಾಡಿದ್ದರ ಭಾರ ಕೊನೆಗೆ ಬಂದು ಬೀಳುವುದು ಯಾರು ಕುಣಿಯಲ್ಲಿ ಕೂತಿದ್ದಾನೋ ಅವನ ಮೇಲೆ. ಇಷ್ಟು ವರ್ಷ ಮಿತವ್ಯಯ ಎಂದರೆ ನನ್ನ ಹಣ ನಾನು ಉಳಿಸಿಕೊಳ್ಳುವುದು ಎಂದು ತಿಳಿದಿದ್ದೆ. ಇನ್ನೊಬ್ಬರ ಕೂಲಿಯನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವುದೂ ಅದರಲ್ಲಿ ಸೇರಿದೆ ಎಂದು ಯಾವ ಗಾದೆಯೂ ನನಗೆ ಹೇಳಿಕೊಟ್ಟಿರಲಿಲ್ಲ.

ಒಪ್ಪಿದೆ ಎಂದು ಅಪ್ಪ ಬಾಯಿಬಿಟ್ಟು ಹೇಳಲಿಲ್ಲ. ಆದರೆ ನನ್ನ ತಮ್ಮನ ಮದುವೆಗೆ ನಡೆದದ್ದನ್ನು ಹೇಳಿದರೆ ನಿಮಗೇ ತಿಳಿಯುತ್ತದೆ. ಅಕ್ಕನ ಮದುವೆಯಲ್ಲಿ ಶಾಮಿಯಾನ, ಬ್ಯಾಂಡು, ಸರ್ಕಲ್ಲಿನಲ್ಲಿ ನಮ್ಮೆಲ್ಲರ ಮುಖದ ಫ್ಲೆಕ್ಸು, ಮೂರು ಥರದ ಸಿಹಿ, ಆಯೇರಿಯ ಸೀರೆಗಳ ದೊಡ್ಡ ಗಂಟು, ಅಷ್ಟೂ ಉದ್ರಿ. ಈ ಸಲ ಬ್ಯಾಂಡು, ಫ್ಲೆಕ್ಸು ಹೋದವು. ಸಿಹಿ ಒಂದೇ ಆಯಿತು, ಗೋಧಿ ಹುಗ್ಗಿ. ಆಯೇರಿಯಲ್ಲಿ ಮಾತ್ರ ಅಪ್ಪ ಬಗ್ಗಲಿಲ್ಲ: "ನೇಕಾರನ ಮನಿ ಮದುವ್ಯಾಗ ಸೀರಿ ಇಲ್ಲಂದ್ರ ನನ್ನ ಕೈಯಾಗಿನ ಲಾಳಿ ನಗತೈತಿ." ಸೀರೆ ತಂದರು. ಪಕ್ಕದ ಓಣಿಯ ನೇಕಾರರಿಂದಲೇ ತಂದರು, ಎಣಿಸಿ ಅಲ್ಲಿಯೇ ಕೊಟ್ಟರು. ದುಡ್ಡು ಕೈಗೆ ಬಂದವರು ಎರಡೆರಡು ಸಲ ಎಣಿಸಿ ನೋಡಿದರಂತೆ, ನಗದು ಕಂಡು ಅನುಮಾನ ಬಂದು. "ಯಾಕೋ ದೋಸ್ತಾ, ಎಲ್ಲಿ ಸಾಲಾ ತಂದಿ?" ಎಂದು ಒಬ್ಬರು ಕೇಳಿಯೂ ಬಿಟ್ಟರು.

ಈಗ ಸಾಲವೆಲ್ಲ ತೀರಿದೆ ಎಂದರೆ ತಪ್ಪಾದೀತು. ಬೈಕಿನದು ಉಳಿದಿದೆ, ಸಾವುಕಾರರ ಬಾಕಿಯೂ ಒಂದಿಷ್ಟು ಇದೆ. ಮೂರರ ಬಡ್ಡಿ ಮುಗಿಯಿತು, ಗುಂಪಿನದು ಮುಗಿಯಿತು. ಸಾಲ ತೀರಿಸಿದವರಿಗೆ ಸಿಗುವ ಮೊದಲ ಬಹುಮಾನ ಮತ್ತೊಂದು ಸಾಲ. ಕಂತು ತಪ್ಪಿಸದ ಮನೆ ಎಂದು ಗೊತ್ತಾದದ್ದೇ ತಡ, ಅಣ್ಣನ ಮೊಬೈಲಿಗೆ ದಿನಾ ಮೆಸೇಜು: ಇಷ್ಟು ಲಕ್ಷ ಮಂಜೂರಾಗಿದೆ, ಒತ್ತಿದರೆ ಸಾಕು. ಅಪ್ಪನಿಗೆ ಫೋನು ಮಾಡಿದ ಒಬ್ಬ ಹುಡುಗಿ ಎಷ್ಟು ಮಧುರವಾಗಿ ಮಾತಾಡಿದಳೆಂದರೆ, ಬೇಡ ಎನ್ನಲು ಅವನಿಗೆ ಪಾಪ ಅನ್ನಿಸಿ, ಊಟ ಆಯಿತೇನವಾ ಎಂದು ಕೇಳಿ ಫೋನನ್ನು ವೈನಿಯ ಕೈಗೆ ಕೊಟ್ಟ. ವಾರದ ಕಂತಿನ ಹುಡುಗ ಬರುವುದು ನಿಂತ ಮೇಲೆ ಅವ್ವನಿಗೂ ಕೆಲವು ದಿನ ಬುಧವಾರ ಖಾಲಿ ಖಾಲಿ ಅನ್ನಿಸಿತಂತೆ.

ನಮ್ಮಲ್ಲಿ ಐಶ್ವರ್ಯ ಬಂದಿಲ್ಲ. ಮಗ್ಗ ಅದೇ, ರೊಟ್ಟಿ ಅದೇ. ಸಾವುಕಾರರು ಹೊಸ ಹಾಸು ಕೊಟ್ಟಾಗ ಅಪ್ಪ ಮಜೂರಿ ಎಷ್ಟು ಎಂದು ಮೊದಲೇ ಕೇಳುತ್ತಾನೆ. ಇದು ಅವನಿಗೆ ಬೇರೆಯೇ ಜನ್ಮ. ಅವ್ವ ಕಿರಾಣಿ ಅಂಗಡಿಗೆ ಹೋದರೆ ಉಳ್ಳಾಗಡ್ಡಿಯ ಬುಟ್ಟಿಯ ಮುಂದೆ ಕೂತುಬಿಡುತ್ತಾಳೆ. ಉದ್ರಿಯ ಗಿರಾಕಿ ಅಂಗಡಿಯವನು ತೂಗಿ ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಬರಬೇಕು, ಅದರಲ್ಲಿ ಕೊಳೆತದ್ದು ಎಷ್ಟಿದೆ ಎಂದು ಕೇಳುವ ಬಾಯಿ ಅವನಿಗಿಲ್ಲ. ಈಗ ಅವ್ವ ಒಂದೊಂದನ್ನೂ ಒತ್ತಿ ನೋಡಿ, ಮೂಸಿ, ಬೇಡವಾದದ್ದನ್ನು ಆಚೆ ಸರಿಸುತ್ತಾಳೆ. ಮೊನ್ನೆ ಅಂಗಡಿಯವನಿಗೆ ತಡೆಯಲಾಗಲಿಲ್ಲ: "ಅಕ್ಕಾರ, ಉದ್ರಿ ಇದ್ದಾಗ ನೀವು ಇಷ್ಟ ಕಟಿಪಿಟಿ ಮಾಡತಿದ್ದಿಲ್ಲ ಬಿಡ್ರಿ."

"ಆವಾಗ ಉಳ್ಳಾಗಡ್ಡಿ ನಿಮ್ಮವ ಇದ್ದುವಪಾ," ಎಂದಳಂತೆ ಅವ್ವ, "ಈಗ ರೊಕ್ಕ ನಂದೈತಿ."